ಮದುವೆಗೆ ಪೊಣ್ ಕೊಟ್ಟಾಯಿತು, ಇನ್ನು ಪಾಲಿಲ್ಲ ಅಂತಾರೆ. ಹೌದಾ?

ಪ್ರಶ್ನೆ: ವಕೀಲರೇ, ನಾನು ಹಾಸನದವಳು, ಕೋಲ್ಕತ್ತಾದ ಬಂಗಾಳಿ ಮನೆಯ ಸೊಸೆ. ನಮ್ಮತ್ತೆಯ ಮದುವೆ ಆಗಿದ್ದು 1982ರಲ್ಲಿ. ಪೊಣ್, ಅಂದರೆ ವರದಕ್ಷಿಣೆ ಕೊಡೋಕೆ ಅವರಪ್ಪ ಬರ್ಧಮಾನದ ಹತ್ತಿರದ ಗದ್ದೆ ಮಾರಿದರಂತೆ. ಆ ದುಡ್ಡು ಹಾಗೇ ಮಾವನ ತಂಗಿಯ ಮದುವೆಗೆ ಹೋಯಿತು. ಅತ್ತೆಯ ಅಪ್ಪ 2001ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಈಗ ಊರಿನ ಮನೆ ಮಾರಬೇಕು ಅಂತ ತಮ್ಮಂದಿರು ನಾ-ದಾಬಿ ಪತ್ರ, ಅದೇ ಹಕ್ಕು ಬಿಟ್ಟುಕೊಡುವ ಪತ್ರ ತಂದಿದ್ದಾರೆ. "ದೀದಿ, ನಿನ್ನ ಪಾಲು ಮದುವೆಯಲ್ಲೇ ಕೊಟ್ಟಾಯಿತಲ್ಲ" ಅಂತಾರೆ. ನಿಜವಾ?

ಉತ್ತರ: ಇಲ್ಲಮ್ಮ. ಆಸ್ತಿ ಹಂಚಿಕೆಯಲ್ಲಿ ಬಂಗಾಳದ ಹಿಂದೂಗಳದ್ದು ದಾಯಭಾಗ ಎಂಬ ಪದ್ಧತಿ. ಅಲ್ಲಿ ಗಂಡುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಬರುವುದಿಲ್ಲ. ಅಪ್ಪ ವಿಲ್ ಬರೆಯದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಗಂಡುಮಕ್ಕಳು ವಾಸವಿರುವ ಮನೆಯನ್ನು ಪಾಲು ಮಾಡಿ ಅಂತ ಹೆಣ್ಣುಮಕ್ಕಳು ಕೇಳಬಾರದು ಎಂಬ ತಡೆ ಒಂದಿತ್ತು. 2005ರಲ್ಲಿ ಅದೂ ಹೋಯಿತು.

ಇನ್ನು ಪೊಣ್. ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು 1961ರಿಂದಲೇ ಅಪರಾಧ. ಆ ದುಡ್ಡನ್ನು ಮಗಳ ಪಾಲು ಅಂತ ಲೆಕ್ಕ ಹಾಕೋದು ಹೇಗೆ? ನಿಮ್ಮತ್ತೆ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲ ಅಲ್ವಾ? ಒಂದು ಮನೆಯ ಗದ್ದೆ ಹೋಯಿತು, ಇನ್ನೊಂದು ಮನೆಯ ಮಗಳ ಮದುವೆ ಆಯಿತು. ನಡುವೆ ಇದ್ದ ಹೆಣ್ಣಿಗೆ ಸಿಕ್ಕಿದ್ದು ಈ ಮಾತು ಮಾತ್ರ. ಇಂಥ ಪತ್ರ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಪ್ರಶ್ನೆ: ಅತ್ತೆ ಸಹಿ ಮಾಡ್ತೀನಿ ಅಂತಾರೆ. "ನನ್ನಿಂದಲೇ ಅಪ್ಪ ಗದ್ದೆ ಕಳೆದುಕೊಂಡರು, ಈಗ ಮನೆಯಲ್ಲೂ ಪಾಲು ಕೇಳಲಾ?" ಅಂತ ಅಳ್ತಾರೆ.

ಉತ್ತರ: ಇದು ಕಾನೂನಿಗಿಂತ ಹಳೆಯ ಗಾಯ. 1914ರಲ್ಲಿ ಕಲ್ಕತ್ತಾದ ಸ್ನೇಹಲತಾ ಎಂಬ ಹುಡುಗಿ, ತನ್ನ ಪೊಣ್‌ಗಾಗಿ ಅಪ್ಪ ಮನೆ ಕಳೆದುಕೊಳ್ಳಬಾರದು ಅಂತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಳು. ಕೇಳಿದವರು ಗಂಡಿನ ಕಡೆಯವರು, ತಪ್ಪಿತಸ್ಥಳು ಅನ್ನಿಸಿಕೊಂಡವಳು ಮಗಳು. ನಿಮ್ಮತ್ತೆ ನಲವತ್ತು ವರ್ಷದಿಂದ ಅದೇ ಭಾರ ಹೊತ್ತಿದ್ದಾರೆ. "ಗದ್ದೆ ಕೇಳಿದ್ದು ನೀವಲ್ಲ ಅಮ್ಮ" ಅಂತ ಮನೆಯವರೇ, ಅದರಲ್ಲೂ ನಿಮ್ಮ ಗಂಡನೇ ಹೇಳಬೇಕು.

ಪ್ರೀತಿಯಿಂದ ತಮ್ಮಂದಿರಿಗೆ ಬಿಟ್ಟುಕೊಡುವ ಮನಸ್ಸಿದ್ದರೆ ಬಿಟ್ಟುಕೊಡಲಿ, ಅದು ಅವರಿಷ್ಟ. ಆದರೆ ಈ ವಾರ ಸಹಿ ಬೇಡ. ಮೊದಲು ಮನೆಯ ಬೆಲೆ ಎಷ್ಟು, ಅದರಲ್ಲಿ ತಮಗೆ ಬರುವ ಪಾಲು ಎಷ್ಟು ಅಂತ ನಿಮ್ಮತ್ತೆಗೆ ಗೊತ್ತಾಗಲಿ. ಪತ್ರದಲ್ಲಿ "ಮದುವೆಯಲ್ಲೇ ಪಾಲು ಪಡೆದಿದ್ದೇನೆ" ಎಂಬ ಸಾಲು ಇದೆಯಾ ನೋಡಿ. ಇದ್ದರೆ ಅದನ್ನು ತೆಗೆಸಿ.