ಬದ್ಲಾಪುರದ ಗಾಳಾದಲ್ಲಿ ಚಿತ್ರಶಾಲೆ: ಅನುಭವಸ್ಥರು ಹೇಳಿದ್ದು

ಬದ್ಲಾಪುರದ ನಿವೃತ್ತ ಶಿಕ್ಷಕರೊಬ್ಬರ ಪ್ರಶ್ನೆ

ನಿಲ್ದಾಣದ ಸಮೀಪದಲ್ಲಿರುವ ನನ್ನ ಭಾವನವರ ಗಾಳಾ, ಎಂದರೆ ಷಟರ್ ಬಾಗಿಲಿನ ಮಳಿಗೆ, ಎರಡು ವರ್ಷದಿಂದ ಮುಚ್ಚಿ ಬಿದ್ದಿದ್ದು, ಒಂದು ವರ್ಷದ ಮಟ್ಟಿಗೆ ಬಾಡಿಗೆಯಿಲ್ಲದೆ ಬಳಸಿಕೊಳ್ಳಲು ಅವರು ಒಪ್ಪಿದ್ದಾರೆ. ಚಿತ್ರ ಬರೆಯುವ ಆಸೆಯಿದ್ದರೂ ಮನೆಯಲ್ಲಿ ಒಂದು ಹಾಳೆ ಹರಡಲು ಜಾಗವಿಲ್ಲದ ಸುತ್ತಲಿನ ಹುಡುಗ ಹುಡುಗಿಯರಿಗೆ ಅದನ್ನು ತೆರೆದಿಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಬೇಕು, ಏನನ್ನು ಮಾಡಬಾರದು ಎಂಬುದನ್ನು ಇಂಥ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಪಾಲ್ಘರ್‌ನಿಂದ

ಮಾನ್ಯರೇ, ನಮ್ಮ ಯಜಮಾನರ ಹೋಟೆಲಿನ ಮಹಡಿಯಲ್ಲಿ ಆರು ವರ್ಷಗಳಿಂದ ಇದೇ ಕೆಲಸ ನಡೆಸುತ್ತಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ. ಮೊದಲು ಶಿಕ್ಷಕರನ್ನು ಹುಡುಕಬೇಡಿ, ಬಾಗಿಲು ತೆಗೆಯುವವರನ್ನು ಗೊತ್ತುಮಾಡಿಕೊಳ್ಳಿ. ವಾರದಲ್ಲಿ ಮೂರು ಸಂಜೆ, ಐದರಿಂದ ಎಂಟು ಎಂದು ಹೇಳಿದ ಮೇಲೆ, ಯಾರೊಬ್ಬರೂ ಬಾರದ ದಿನವೂ ಐದಕ್ಕೆ ಷಟರ್ ಮೇಲೇರಿರಬೇಕು. ಮೊದಲ ವರ್ಷ ಮದುವೆ, ಪೂಜೆ, ಊರಿನ ಪ್ರಯಾಣವೆಂದು ನಾನು ಆಗಾಗ ಬೀಗ ಹಾಕಿದೆ. ಬೋಯಿಸರ್‌ನಿಂದ ಲೋಕಲ್ ಹಿಡಿದು ಬಂದು ಬೀಗ ನೋಡಿಕೊಂಡು ಹಿಂದಿರುಗಿದ ಇಬ್ಬರು ಮತ್ತೆ ಬರಲೇ ಇಲ್ಲ. ಈಗ ಕೀಲಿಕೈ ಹಳೆಯ ವಿದ್ಯಾರ್ಥಿಗಳ ಬಳಿಯೇ ಇರುತ್ತದೆ.

ಬಂದವರ ಕೈಯಲ್ಲಿ ಈಗಾಗಲೇ ಏನಿದೆ ಎಂದು ನೋಡದೆ ಪಾಠಕ್ಕೆ ತೊಡಗಲೂಬಾರದು. ನಮ್ಮ ಸುತ್ತಲಿನ ಪಾಡಾಗಳು, ಎಂದರೆ ಆದಿವಾಸಿಗಳ ಕೇರಿಗಳು, ವಾರ್ಲಿ ಚಿತ್ರದ ನೆಲ. ಮದುವೆ ಮನೆಯ ಗೋಡೆಯ ಮೇಲೆ ಮುತ್ತೈದೆಯರು ಬರೆಯುತ್ತಿದ್ದ ಆ ಚಿತ್ರವನ್ನು ಕಾಗದಕ್ಕೂ ಬಟ್ಟೆಗೂ ತಂದು, 2011ರಲ್ಲಿ ಪದ್ಮಶ್ರೀ ಪಡೆದ ಜಿವ್ಯಾ ಸೋಮಾ ಮ್ಹಸೆಯವರು ಇಲ್ಲಿಯ ಡಹಾಣೂ ಕಡೆಯವರೇ. ಹಾಗಿದ್ದೂ ನಾನು, ಪಾಡಾದಿಂದ ಬಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಬಹಳ ಹೆಮ್ಮೆಯಿಂದ ಸೊನ್ನೆ ನಂಬರಿನ ಹೊಸ ಬ್ರಷ್ ಕೊಟ್ಟೆ. ಅವಳು ಅದನ್ನು ಮರ್ಯಾದೆಯಿಂದ ಮೇಜಿನ ಮೇಲಿಟ್ಟು, ಚೀಲದಿಂದ ಬಿದಿರಿನ ಕಡ್ಡಿ ತೆಗೆದು, ತುದಿಯನ್ನು ಅಗಿದು ನಾರು ಮಾಡಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಹಾಳೆಯ ಮೇಲೆ ಎರಡು ತ್ರಿಕೋನಗಳ ಮೊನೆ ಕೂಡಿಸಿ ಒಬ್ಬ ಹೆಂಗಸನ್ನು ನಿಲ್ಲಿಸಿದಳು. ಪೇಟೆಯ ಹುಡುಗರೆಲ್ಲ ತಮ್ಮ ಕೆಲಸ ಬಿಟ್ಟು ಅವಳ ಸುತ್ತ ಕುಳಿತರು. ಆ ತಿಂಗಳು ಪಾಠ ಹೇಳಿದವಳು ಅವಳೇ, ಮತ್ತು ಅದಕ್ಕೆ ನಾವು ಅವಳಿಗೆ ಸಂಭಾವನೆ ಕೊಟ್ಟೆವು.

ಸಂಭಾವನೆಯ ಮಾತನ್ನು ಬೇಕೆಂದೇ ಎತ್ತಿದ್ದೇನೆ, ಏಕೆಂದರೆ ಕಲಾವಿದರ ಬಿಟ್ಟಿ ಕೆಲಸದ ರುಚಿ ಊರಿಗೆ ಬಹಳ ಬೇಗ ಹತ್ತುತ್ತದೆ. ಒಬ್ಬ ಬಿಲ್ಡರ್ ಮಹಾಶಯರು ಯುವಕರಿಗೆ ಪ್ರೋತ್ಸಾಹವೆಂದು ಹೇಳಿ 60 ಅಡಿ ಉದ್ದದ ಕಾಂಪೌಂಡ್ ಗೋಡೆಗೆ ಚಿತ್ರ ಬರೆಸಿಕೊಂಡು, ನಾಲ್ವರ 11 ದಿನದ ದುಡಿಮೆಗೆ ಪ್ರಮಾಣಪತ್ರವನ್ನೂ ವಡಾಪಾವನ್ನೂ ಹಂಚಿ ಕೈತೊಳೆದುಕೊಂಡರು. ಅಂದಿನಿಂದ ಬಣ್ಣದ ಖರ್ಚು ಬೇರೆ, ಮಜೂರಿ ಬೇರೆ, ಅರ್ಧ ಮುಂಗಡ ಎಂದು ಬರೆಯಿಸಿಕೊಳ್ಳದೆ ನಮ್ಮವರು ಯಾರ ಗೋಡೆಯನ್ನೂ ಮುಟ್ಟುವುದಿಲ್ಲ. ಚಿತ್ರ ಮಾರಾಟವಾದರೆ 100ಕ್ಕೆ 15 ರೂಪಾಯಿ ದೀಪದ ಬಿಲ್ಲಿಗೆ, ಉಳಿದದ್ದೆಲ್ಲ ಬರೆದವರಿಗೆ.

ಇನ್ನು ಮಳೆಗಾಲ. ಉಕ್ಕಿನ ಕಪಾಟಿನಲ್ಲಿ ಭದ್ರವಾಗಿವೆ ಎಂದುಕೊಂಡಿದ್ದ ನಲವತ್ತರಷ್ಟು ಚಿತ್ರಗಳು ಒಂದೇ ಶ್ರಾವಣದಲ್ಲಿ ಬೂಸ್ಟು ಹಿಡಿದವು. ಕಪಾಟು ಹೊರಗೋಡೆಗೆ ತಾಗಿಕೊಂಡಿತ್ತು. 2019ರ ಜುಲೈನಲ್ಲಿ ಉಲ್ಲಾಸ್ ನದಿ ಉಕ್ಕಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನಿಮ್ಮೂರಿನ ಬಳಿಯೇ ನೀರಿನ ನಡುವೆ ನಿಂತದ್ದನ್ನು ನಾನು ನೆನಪಿಸಬೇಕಾಗಿಲ್ಲ. ಗಾಳಾ ನೆಲಮಟ್ಟದಲ್ಲಿದ್ದರೆ ಹಾಳೆಗಳ ಹಲಗೆ ಎದೆಯೆತ್ತರದಲ್ಲಿರಲಿ.

ಗೋವೆಯ ಫೋಂಡಾದಿಂದ

ನನ್ನದು ಒಂದೇ ಮಾತು. ಮಕ್ಕಳ ಮೊದಲ ಪ್ರದರ್ಶನವನ್ನು ದೊಡ್ಡ ಊರಿಗೆ ಒಯ್ಯಬೇಡಿ. 2016ರಿಂದ ಪಣಜಿಯಲ್ಲಿ ಡಿಸೆಂಬರ್ ತಿಂಗಳಿನಲ್ಲಿ ನಡೆಯುವ ಸೆರೆಂಡಿಪಿಟಿ ಕಲೋತ್ಸವಕ್ಕೆ ನಾವು ಹುಡುಗರನ್ನು ಕರೆದೊಯ್ಯುವುದುಂಟು, ಆದರೆ ಅದು ನೋಡಲಿಕ್ಕೆ. ತೋರಿಸುವುದು ಫೋಂಡಾದಲ್ಲಿಯೇ, ಅದೂ ದುಡಿಯಲು ಹೊರಗೆ ಹೋದವರೆಲ್ಲ ಮನೆಗೆ ಬರುವ ಚೌತಿಯ ದಿನಗಳಲ್ಲಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಕಾವಿ ಕಲೆ ಇಲ್ಲಿಯ ದೇವಸ್ಥಾನಗಳಲ್ಲೂ ನಮ್ಮ ಉತ್ತರ ಕನ್ನಡದ ದೇವಸ್ಥಾನಗಳಲ್ಲೂ ಇದೆ. ಕಳೆದ ಚೌತಿಗೆ ಹುಡುಗರು ಅಡಿ ಅಗಲದ ಹಲಗೆಗಳ ಮೇಲೆ ಅದನ್ನು ಮಾಡಿಟ್ಟಾಗ, ಗಾರೆ ಕೆಲಸದ ವೃದ್ಧರೊಬ್ಬರು ಬಂದು ಬೆರಳಿನಿಂದ ತಟ್ಟಿ ನೋಡಿ, ಸುಣ್ಣ ಇನ್ನೂ ಕಳಿಯಬೇಕಾಗಿತ್ತು ಎಂದು ಹೇಳಿಹೋದರು. ಅಂಥ ವಿಮರ್ಶಕರು ಗ್ಯಾಲರಿಗಳಲ್ಲಿ ಸಿಗುವುದಿಲ್ಲ.

ಡೊಂಬಿವಲಿಯಿಂದ

ಪಾಲ್ಘರ್‌ನ ಅಕ್ಕನವರ ಮಾತಿಗೆ ಒಂದು ತಿದ್ದುಪಡಿ. ಪಾಠವಿಲ್ಲದೆ ಬರಿಯ ಬಾಗಿಲು ತೆರೆದಿಟ್ಟರೆ ನಮ್ಮ ಕಡೆಯ ತಂದೆತಾಯಿಗಳು ಮಕ್ಕಳನ್ನು ಕಳುಹಿಸುವುದಿಲ್ಲ. ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ತಯಾರಿ ಮಾಡಿಸುತ್ತೇವೆ ಎಂದು ಫಲಕ ಹಾಕಿ ನೋಡಿ. ಹತ್ತನೆಯ ತರಗತಿಯ ಫಲಿತಾಂಶಕ್ಕೆ ಹೆಚ್ಚಿನ ಅಂಕ ಸೇರುವುದರಿಂದ ಜನ ತಾವಾಗಿ ಬರುತ್ತಾರೆ. ಆ ತರಗತಿಗೆ ಶುಲ್ಕ ಇಟ್ಟು, ಅದೇ ಹಣದಿಂದ ಉಳಿದ ಸಂಜೆಗಳ ಕೋಣೆಯನ್ನು ಉಚಿತವಾಗಿ ನಡೆಸುತ್ತಿದ್ದೇವೆ. ಪರೀಕ್ಷೆ ಮುಗಿದೊಡನೆ ಮುಕ್ಕಾಲು ಮಂದಿ ಮಾಯವಾಗುತ್ತಾರೆ, ಉಳಿದ ನಾಲ್ಕೈದು ಮಂದಿಯೇ ನಿಜವಾಗಿ ನಿಮ್ಮವರು. ಅಂಥವರ ಮನೆಯಲ್ಲಿ ಚಿತ್ರದಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ಬಂದಾಗ, ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು 1857ರಷ್ಟು ಹಳೆಯ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹೆಸರು ಹೇಳುತ್ತೇನೆ. ಒಮ್ಮೊಮ್ಮೆ ಕೆಲಸ ಮಾಡುತ್ತದೆ.

ಸಂಸ್ಥೆಯ ನೋಂದಣಿಗೆ ಅವಸರ ಬೇಡ. ಅದಕ್ಕೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು, ಆಮೇಲೆ ವರ್ಷ ವರ್ಷವೂ ಲೆಕ್ಕಪತ್ರದ ತಪಾಸಣೆ ತಪ್ಪದು. ಆ ಏಳು ಮಂದಿ ಯಾರೆಂಬುದು ಒಂದು ವರ್ಷ ಗುಡಿಸಿ ಒರೆಸುವಷ್ಟರಲ್ಲಿ ತಾನಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ಜಮಾಖರ್ಚಿಗೆ ಒಂದು ನೋಟುಬುಕ್ಕು ಸಾಕು. ನಮ್ಮಲ್ಲಿ ಬಳಕೆಯಾಗದೆ ಉಳಿದ ಆರು ಮರದ ಈಸೆಲ್‌ಗಳಿವೆ (ಚಿತ್ರದ ಹಲಗೆ ನಿಲ್ಲಿಸುವ ಚೌಕಟ್ಟುಗಳು), ಎರಡಕ್ಕೆ ಕಾಲು ಸಡಿಲವಾಗಿದೆ. ಟೆಂಪೋ ಬಾಡಿಗೆ ನಿಮ್ಮದೆಂದಾದರೆ ಬರುವ ಭಾನುವಾರವೇ ಕಳುಹಿಸಿಕೊಡುತ್ತೇವೆ.