ಎಐ ವಿನ್ಯಾಸಗಳನ್ನು ಮಾರಿ ಆದಾಯ ಗಳಿಸಬಹುದೇ?

ಪ್ರಶ್ನೆ: ಬೇಡಿಕೆ ಬಂದಾಗ ಮಾತ್ರ ಟೀ-ಶರ್ಟ್, ಮಗ್‌ಗಳ ಮೇಲೆ ಮುದ್ರಿಸಿ ಮಾರುವ ಜಾಲತಾಣಗಳಲ್ಲಿ ಎಐ ಬಳಸಿ ರೂಪಿಸಿದ ಸುಮಾರು 200 ವಿನ್ಯಾಸಗಳನ್ನು ಹಾಕಿದ್ದೇನೆ, ಎರಡು ತಿಂಗಳಲ್ಲಿ ಮಾರಾಟವಾದದ್ದು ಮೂರು ಮಾತ್ರ. ಇನ್ನಷ್ಟು ಹಾಕಬೇಕೇ? ಈ ಚಿತ್ರಗಳ ಹಕ್ಕು ನನ್ನದೇ ಆಗಿರುತ್ತದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಸಂಖ್ಯೆ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲವೆಂಬುದು ನನ್ನ ಅನುಭವ. ಯಾರಿಗಾಗಿ ಎಂಬುದೇ ಸ್ಪಷ್ಟವಿಲ್ಲದ ಸುಂದರ ಚಿತ್ರಕ್ಕಿಂತ, ಜೇನು ಸಾಕುವವರು ಅಥವಾ ರಾತ್ರಿ ಪಾಳಿಯ ದಾದಿಯರಂಥ ಒಂದು ಚಿಕ್ಕ ಗುಂಪಿನ ಮನಸ್ಸನ್ನು ಅರಿತು ಮಾಡಿದ ಸರಳ ವಿನ್ಯಾಸವೇ ಕೊಳ್ಳುವವರನ್ನು ಬೇಗ ತಲುಪುತ್ತದೆ. ಮುದ್ರಣದ ಗುಣಮಟ್ಟವನ್ನೂ ಗಮನಿಸಿ. ಅಮೆಜಾನ್‌ನ ಟೀ-ಶರ್ಟ್‌ಗೆ 4500 × 5400 ಪಿಕ್ಸೆಲ್‌ಗಳ ಕಡತ ಬೇಕು; ಎಐ ಕೊಡುವ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕದಾಗಿರುವುದರಿಂದ, ಹಾಗೆಯೇ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ.

ಉತ್ತರ 2: ಹಕ್ಕಿನ ವಿಷಯವನ್ನು ಹಗುರವಾಗಿ ಕಾಣಬೇಡಿ. ಅಮೆರಿಕದ ಕಾಪಿರೈಟ್ ಕಚೇರಿಯು 2023ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮನುಷ್ಯನ ಸೃಜನಶೀಲ ಕೊಡುಗೆಯಿಲ್ಲದೆ ಯಂತ್ರವೇ ರಚಿಸಿದ ಭಾಗಕ್ಕೆ ಹಕ್ಕುಸ್ವಾಮ್ಯ ಸಿಗುವುದಿಲ್ಲ. ಆದ್ದರಿಂದ ಯಾರಾದರೂ ನಕಲು ಮಾಡಿದರೆ ಅಲ್ಲಿ ತಡೆಯುವುದು ಕಷ್ಟ. ಎಟ್ಸಿ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರುವುದಾದರೆ ಎಐ ಬಳಸಿದ್ದನ್ನು ವಿವರಣೆಯಲ್ಲಿ ತಿಳಿಸಲೇಬೇಕು.

ಉತ್ತರ 3: ಪ್ರಸಿದ್ಧ ಕಾರ್ಟೂನ್ ಪಾತ್ರಗಳನ್ನೋ ಲಾಂಛನಗಳನ್ನೋ ಹೋಲುವ ಚಿತ್ರಗಳಿದ್ದರೆ ಇಂದೇ ತೆಗೆದುಹಾಕಿ; ಅಂಥವುಗಳಿಂದ ಖಾತೆಯೇ ರದ್ದಾಗಬಹುದು.