ಬಿಡು ಅಂದ್ರೆ ಯಾವುದನ್ನ?

ಕ್ಯಾತ್ಸಂದ್ರದ ಹೋಟೆಲಲ್ಲಿ ತಟ್ಟೆ ಇಡ್ಲಿ ಟೇಬಲ್ಲಿಗೆ ಬರೋ ಮುಂಚೆಯೇ ರಂಗಪ್ಪನ ಗೋಳು ಶುರುವಾಗಿತ್ತು.

"ಕಾರು ಕಲಿಸ್ತಿದೀನಲ್ಲ, ಮಗಳು ಲೇಔಟಲ್ಲಿ 14 ಸಲ ಆಫ್ ಮಾಡಿದ್ಲು. ಬಿಡು ಬಿಡು ಅಂತ ಗಂಟಲು ಹರ್ಕೊಂಡೆ. ಈಗ ಮುನಿಸ್ಕೊಂಡು ಕಾರಲ್ಲೇ ಕೂತಿದಾಳೆ, ಇಡ್ಲಿ ಪಾರ್ಸಲ್ ಸಾಕಂತೆ."

"ಏನನ್ನ ಬಿಡು ಅಂದೆ?" ಅಂದ ಗ್ಯಾರೇಜ್ ನಾಗಣ್ಣ.

"ಕ್ಲಚ್ಚು."

"ಕ್ಲಚ್ಚು ಅಂತ ಬಾಯಿಬಿಟ್ಟು ಹೇಳಿದ್ಯಾ, ಬರೀ ಬಿಡು ಅಂದ್ಯಾ?"

ರಂಗಪ್ಪ ನೀರು ಕುಡಿದ.

"ಅಲ್ಲೇ ಕಣಯ್ಯ ಎಡವಟ್ಟು. ಕ್ಲಚ್ ಬಿಡು, ಬ್ರೇಕ್ ಬಿಡು, ಹ್ಯಾಂಡ್ ಬ್ರೇಕ್ ಬಿಡು, ಹಿಂದಿನ ಆಟೋಗೆ ದಾರಿ ಬಿಡು, ಒಟ್ನಲ್ಲಿ ಗಾಡಿ ಬಿಡು. ಐದಕ್ಕೂ ಒಂದೇ ದನೀಲಿ ಕಿರುಚಿದ್ರೆ ಮಗು ಐದನ್ನೂ ಒಟ್ಟಿಗೇ ಬಿಡುತ್ತೆ. ಇಂಜಿನ್ನು ಪ್ರಾಣ ಬಿಡುತ್ತೆ."

ದಿನಾ ಬೆಂಗಳೂರಿಗೆ ಹೋಗಿಬರೋ ಸುಬ್ಬು ಇದನ್ನೇ ಕಾಯ್ತಿದ್ದ. "ಅದಕ್ಕೇ ಆಟೋಮ್ಯಾಟಿಕ್ ತಗೊಳ್ಳಿ ಅನ್ನೋದು. 2014ರಲ್ಲೇ ಮಾರುತಿ ಸೆಲೆರಿಯೋಗೆ ತಾನೇ ಗೇರ್ ಬದಲಿಸೋ ಎಎಂಟಿ ಬಂತು. ಈಗ್ಲೂ ಕ್ಲಚ್ ತುಳಿಯೋದು ಅಂದ್ರೆ ರುಬ್ಬೋಗುಂಡು ಹೊತ್ಕೊಂಡು ತಿರುಗಿದಂಗೆ."

"ಅದ್ರಲ್ಲಿ ಕ್ಲಚ್ ಇಲ್ಲ ಅಂದೋರ್ಯಾರು? ಪೆಡಲ್ ಇಲ್ಲ, ಅಷ್ಟೆ. ಪ್ಲೇಟು ಅದೇ. ನಿನ್ನ ಕಾಲಿನ ಬದ್ಲು ಆಕ್ಚುಯೇಟರ್ ಅನ್ನೋ ಯಂತ್ರ ತುಳಿಯುತ್ತೆ. ಏರಲ್ಲಿ ಬ್ರೇಕ್ ಹಿಡೀದೆ ಆಕ್ಸಿಲರೇಟರ್ ಮೇಲೇ ಗಾಡಿ ನಿಲ್ಸ್ಕೊಂಡಿದ್ರೆ ನಿಂದೂ ಸುಡುತ್ತೆ, ಸುಬ್ಬು. ನಿನಗೆ ವಾಸನೆ ಬರೋದು ಲೇಟು."

"ಅಲ್ಲಪ್ಪ, ಹಾಫ್ ಕ್ಲಚ್ ಅಂತೀರಲ್ಲ," ಅಂದರು ಮೇಷ್ಟ್ರು, "ಆ ಅರ್ಧ ಅನ್ನೋದು ಎಲ್ಲಿರುತ್ತೆ?"

"ಅರ್ಧದಲ್ಲಂತೂ ಇರಲ್ಲ ಮೇಷ್ಟ್ರೇ. ಒಂದೊಂದು ಗಾಡೀಲಿ ಒಂದೊಂದು ಕಡೆ. ಪ್ಲೇಟ್ ಸವೆದಷ್ಟೂ ಮೇಲಕ್ಕೆ ಬರುತ್ತೆ."

ಇಡ್ಲಿ ಬಂತು. ನಾಗಣ್ಣ ತನ್ನ ಇಡ್ಲೀನ ಮೇಷ್ಟ್ರ ತಟ್ಟೆಗೆ ಹಾಕಿ, ರಂಗಪ್ಪನ ಖಾಲಿ ತಟ್ಟೆ ಎಳ್ಕೊಂಡು ಎರಡನ್ನೂ ಮುಖಾಮುಖಿ ಹಿಡಿದ.

"ಇದು ಫ್ಲೈವೀಲು, ಇಂಜಿನ್ ಕಡೇದು. ಕಾರು ನಿಂತಿದ್ರೂ ನಿಮಿಷಕ್ಕೆ 800 ಸುತ್ತು ತಿರುಗ್ತಾನೇ ಇರುತ್ತೆ. ಇದು ಕ್ಲಚ್ ಪ್ಲೇಟು, ಚಕ್ರದ ಕಡೇದು, ನಿಂತಿದೆ. ಧಪ್ ಅಂತ ಅಂಟಿಸಿದ್ರೆ ಟನ್ ತೂಕದ ಕಾರನ್ನ ಎಳೀಲಾರದೆ ಇಂಜಿನ್ನೇ ಮಲಗುತ್ತೆ. ಮೆಲ್ಲಗೆ ತಾಗಿಸು, ಉಜ್ಕೊಂಡು ಉಜ್ಕೊಂಡು ಇದೂ ತಿರುಗೋಕೆ ಶುರು ಮಾಡುತ್ತೆ. ಈ ಉಜ್ಜಾಟನೇ ಹಾಫ್ ಕ್ಲಚ್ಚು." ತಟ್ಟೆ ಸರ್ರಂತ ಜಾರಿತು. "ನೋಡು, ಮಧ್ಯ ಚಟ್ನಿ ಸೇರ್ತು. ಆಯಿಲ್ ಸೀಲ್ ಹೋಗಿ ಪ್ಲೇಟಿಗೆ ಎಣ್ಣೆ ತಾಗಿದ ಗಾಡೀಲೂ ಹಿಂಗೇ, ಇಂಜಿನ್ ಬೊಬ್ಬೆ ಹೊಡಿಯುತ್ತೆ, ಕಾರು ಮುಂದಕ್ಕೆ ಹೋಗಲ್ಲ."

ಸಪ್ಲೈಯರ್ ತಟ್ಟೆಗಳನ್ನೇ ನೋಡ್ತಾ ನಿಂತಿದ್ದ.

"ಹಂಗಾದ್ರೆ ಕಲಿಸೋದು ಹೆಂಗೆ, ನೀನೇ ಹೇಳು," ಅಂದ ರಂಗಪ್ಪ.

"ಮೊದ್ಲು ಸೀಟು. ಕ್ಲಚ್ ಪೂರ್ತಿ ತುಳಿದಾಗ್ಲೂ ಮೊಣಕಾಲು ಚೂರು ಮಡಚಿರ್ಬೇಕು. ಜಾರೋ ಚಪ್ಪಲಿ ಬೇಡ. ಮೊದಲ್ನೇ ದಿನ ಆಕ್ಸಿಲರೇಟರ್ ಮುಟ್ಟೋದೇ ಬೇಡ. ಸಮನಾದ ನೆಲದಲ್ಲಿ ಫ್ಯುಯಲ್ ಇಂಜೆಕ್ಷನ್ ಇರೋ ಈಗಿನ ಗಾಡಿ ಬರೀ ಕ್ಲಚ್ಚಲ್ಲೇ ಹೊರಡುತ್ತೆ. ಫಸ್ಟ್ ಗೇರು, ಕಾಲು ಮೆಲ್ಲಗೆ ಮೇಲೆ. ಗಾಡಿ ಸಣ್ಣಗೆ ನಡುಗಿ ಇಂಜಿನ್ ದನಿ ಇಳಿಯುತ್ತಲ್ಲ, ಅಲ್ಲಿ ಕಾಲು ನಿಲ್ಸು. ಮೂರು ಎಣಿಸು. ಕಾರು ನಾಲ್ಕು ಹೆಜ್ಜೆ ಹೋದ್ಮೇಲೆ ಉಳಿದಿದ್ದು ಬಿಡು. ಎಲ್ರೂ ಆಫ್ ಮಾಡೋದು ಹೊರಡೋ ಮುಂಚೆ ಅಲ್ಲ ಕಣಯ್ಯ, ಹೊರಟ ಮೇಲೆ. ಹೊರಟ್ತು ಅನ್ನೋ ಖುಷೀಲಿ ಕಾಲು ಕಿತ್ಬಿಡ್ತಾರೆ. 20 ಸಲ ಹಿಂಗೆ ಮಾಡ್ಸು, ಆಮೇಲೆ ಆಕ್ಸಿಲರೇಟರ್. ಎಡಗಾಲು ಕ್ಲಚ್ಚಿಗೆ ಮಾತ್ರ. ಗೇರ್ ಹಾಕಿ ಆದ್ಮೇಲೆ ಅದರ ಮೇಲೇ ಕಾಲಿಟ್ಕೊಂಡ್ರೆ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಸವೆದು ಕಿರ್ ಅನ್ನುತ್ತೆ. ಆಗ ನನ್ನ ಹತ್ರ ಬರ್ತೀಯ, ಗೇರ್ ಬಾಕ್ಸ್ ಇಳಿಸ್ತೀನಿ, ಬಿಲ್ ನೋಡಿ ನೀನು ಕಣ್ಣೀರು ಬಿಡ್ತೀಯ."

"ಮುಂದಿನ ಭಾನುವಾರ ದೇವರಾಯನದುರ್ಗ ಹತ್ತಿಸಾಣ ಅಂತಿದ್ದೆ."

"ಲರ್ನರ್ ಲೈಸೆನ್ಸ್ ಬಂದು ವಾರ ಆಗಿಲ್ಲ, ಬೆಟ್ಟ ಬೇಕಾ? 30 ದಿನ ಆಗೋವರ್ಗೂ ಟೆಸ್ಟಿಲ್ಲ, ಆ ಲೈಸೆನ್ಸ್ ನಡಿಯೋದು ಆರು ತಿಂಗಳು. ಯಾಕೆ ಅವಸರ?"

"ನಮ್ಮ ಪಕ್ಕದ ಮನೆಯೋರು ಹತ್ತನೇ ಕ್ಲಾಸ್ ಹುಡುಗನ ಕೈಗೇ ಕೊಟ್ಟಿದಾರೆ," ಅಂದರು ಮೇಷ್ಟ್ರು.

"ಹಿಡಿದ್ರೆ ಹುಡುಗನ್ನಲ್ಲ, ಅಪ್ಪನ್ನ. 2019ರಿಂದ 25,000 ದಂಡ, ಮೂರು ವರ್ಷದವರೆಗೆ ಜೈಲು. ಆಗ ಯಾರು ಬಿಡಿಸ್ತಾರೆ?" ನಾಗಣ್ಣ ಬೆಟ್ಟಕ್ಕೇ ವಾಪಸ್ ಬಂದ. "ಏರಲ್ಲಿ ನಿಲ್ಸಿದ್ರೆ ಹ್ಯಾಂಡ್ ಬ್ರೇಕ್ ಹಾಕ್ಕೊಂಡು, ಕ್ಲಚ್ ನಡುಗೋ ತನಕ ತಂದು, ಚೂರು ಆಕ್ಸಿಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್ ಬ್ರೇಕ್ ಬಿಡು. ಹಿಂದಕ್ಕೆ ಒಂದಿಂಚೂ ಜಾರಲ್ಲ. ಇಳಿಯುವಾಗ ಹತ್ತಿದ ಗೇರಲ್ಲೇ ಇಳೀಬೇಕು. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಿದ್ರೆ ಬ್ರೇಕ್ ಕಾದು ಹಿಡಿಯೋದನ್ನೇ ಬಿಡುತ್ತೆ."

"ನನ್ನ ಗಾಡೀಲಿ ಏರಲ್ಲಿ ತಾನೇ ಬ್ರೇಕ್ ಹಿಡಿಯೋ ಹಿಲ್ ಹೋಲ್ಡ್ ಇದೆ," ಅಂದ ಸುಬ್ಬು. ಯಾರೂ ತಿರುಗಿ ನೋಡಲಿಲ್ಲ.

"ಅವಸರ ಯಾಕೆ ಅಂದ್ಯಲ್ಲ," ಅಂದ ರಂಗಪ್ಪ. "ಮುಂದಿನ ತಿಂಗ್ಳು ಹುಬ್ಬಳ್ಳಿಗೆ ಹೋಗ್ತಾಳೆ. ಹಾಸ್ಟೆಲ್ಲು."

ಕಾಫಿ ಬಂದಿತ್ತು. ಮೇಷ್ಟ್ರು ಲೋಟದಿಂದ ಡಬರಿಗೆ, ಡಬರಿಯಿಂದ ಲೋಟಕ್ಕೆ ಸುಮ್ಮನೆ ಆರಿಸ್ತಾ ಕೂತರು.

"ನಿನ್ನ ಕಾರ್ ನೋಡ್ದೆ ಬರುವಾಗ," ಅಂದ ನಾಗಣ್ಣ. "ಎಡಗಡೆ ಮ್ಯಾಟು ಒಂದೇ ಕಡೆ ತಗ್ಗು ಬಿದ್ದಿದೆ. ಆ ಕಡೆ ಬ್ರೇಕ್ ಇಲ್ಲ ಕಣೋ."

"ಗೊತ್ತು."

ಪಾರ್ಸಲ್ ಹಿಡ್ಕೊಂಡು ಹೊರಗೆ ಬಂದ್ರೆ ಹುಡುಗಿ ಆಗಲೇ ಡ್ರೈವರ್ ಸೀಟಿಗೆ ಜರುಗಿದ್ದಳು. ಹೋಟೆಲ್ ಹಿಂದಿನ ರಸ್ತೆ ಖಾಲಿ ಇತ್ತು. ರಂಗಪ್ಪ ಎಡಗಡೆ ಹತ್ತಿ ಬೆಲ್ಟ್ ಎಳ್ಕೊಂಡ.

"ಅಪ್ಪಾ, ಬಿಡ್ಲಾ?"

"ಕ್ಲಚ್ಚು. ನಡುಗೋ ತನಕ," ಅಂದ ರಂಗಪ್ಪ, ಮೆತ್ತಗೆ. "ಆಮೇಲೆ ಹ್ಯಾಂಡ್ ಬ್ರೇಕು."

ಬಲಗಾಲು ಆಗಲೇ ಮ್ಯಾಟಿನ ತಗ್ಗಲ್ಲಿತ್ತು.